ಹೀಟರಿನ ಫ್ಯಾನಿನೊಳಗಿನ ಜೋಳ

ಆ ದಿನವೂ ಎಂದಿನಂತೆ ಹಾಲು ಕಾಯಿಸಿ, ಶಿರೋಳಿಯ ಫೌಂಡ್ರಿಗೆ ಹೊರಟ ಯಜಮಾನರ ಡಬ್ಬಿಗೆ ರೊಟ್ಟಿ ಪಲ್ಯ ಕಟ್ಟಿ, ತುಳಸಿಗೆ ನೀರು ಹಾಕಲು ಹೋಗಿ ಮಳೆಯೇ ಆ ಕೆಲಸ ಮಾಡಿದ್ದನ್ನು ನೋಡಿ ಒಳಗೆ ಬಂದೆ. ಇಚಲಕರಂಜಿಯ ನಮ್ಮ ಓಣಿಯ ಮಗ್ಗಗಳ ಸದ್ದು ಮಳೆಯೊಳಗೆ ಬೆರೆತಿತ್ತು. ಅತ್ತೆ ಮಾತ್ರ ಆಗಲೇ ಇಳಕಲ್ ಸೀರೆ ಉಟ್ಟು, ಬಾಗಿಲ ಬಳಿ ಚಪ್ಪಲಿ ಮೆಟ್ಟಿಕೊಂಡೇ ಕುಳಿತಿದ್ದರು.

ಗಡಹಿಂಗ್ಲಜದಲ್ಲಿರುವ ಅವರ ಅಕ್ಕನಿಗೆ ಮರೆವು ಹತ್ತಿತ್ತು. ಹನ್ನೊಂದರ ಊಟದ ತನಕ ಒಂದಿಷ್ಟು ಗುರುತು ಹಿಡಿಯುತ್ತಾರೆ, ಆಮೇಲೆ ಹೆತ್ತ ಮಗಳೂ ಅವರಿಗೆ ಯಾರೋ. ಹಿಂದಿನ ದಿನ ಆ ಮಗಳೇ ಫೋನು ಮಾಡಿದ್ದಳು. "ಚಿಕ್ಕವ್ವಾ, ಅವ್ವ ಎರಡ ದಿನದಿಂದ ನಿನ್ನ ಕೇಳಾಕತ್ತಾಳ. ನಾಡಿದ್ದ ಕೇಳ್ತಾಳೋ ಇಲ್ಲೋ, ನಾಳೆನ ಬಾ."

ಕಾರು ಓಡಿಸುವವಳು ನಾನು. ಓಣಿ ದಾಟುವಷ್ಟರಲ್ಲಿ ಮುಂದಿನ ಗಾಜು ಒಳಗಿನಿಂದ ಬೆಳ್ಳಗಾಯಿತು. ಹೀಟರಿನ ಗುಂಡಿ ತಿರುಗಿಸಿದರೆ ಗಾಳಿಯೇ ಇಲ್ಲ. ಸೆರಗಿನಿಂದ ಒರೆಸಿದೆ, ಎರಡು ಉಸಿರಿಗೆ ಮತ್ತೆ ಮಂಜು. ಕಿಟಕಿ ಇಳಿಸೋಣವೆಂದರೆ ಅತ್ತೆಗೆ ದಮ್ಮು, ಹೊರಗೆ ಜಡಿಮಳೆ. ಗಡಹಿಂಗ್ಲಜದ ತನಕ ಹೀಗೆ ಕುರುಡಾಗಿ ಹೋಗುವಂತಿರಲಿಲ್ಲ.

ತಿರುವಿನಲ್ಲೇ ಒಬ್ಬ ಮಿಸ್ತ್ರಿಯ ಗ್ಯಾರೇಜಿದೆ. ಮೊದಲು ಮಗ್ಗ ರಿಪೇರಿ ಮಾಡುತ್ತಿದ್ದವರು. ಚಹಾದ ಕಪ್ಪು ಹಿಡಿದುಕೊಂಡೇ ಬಂದರು.

"ಫ್ಯೂಜ್ ಹೋಗಿರಬೇಕ್ರಿ," ಎಂದೆ. ಯಾವ ವಸ್ತುವಿನ ಜೊತೆ ಬಂದ ಕಾಗದವನ್ನೂ ಓದದೆ ಬಿಡಬಾರದೆಂದು ಕಾನ್ವೆಂಟಿನಲ್ಲಿ ಕಲಿಸಿದ್ದರು. ಕಾರಿನ ಪುಸ್ತಕವನ್ನೂ ಓದಿದ್ದೆ.

"ಹೌದ್ರಿ ವೈನಿ, ಹೋಗೇತಿ. ಖರೆ, ಯಾಕ ಹೋತು ಅನ್ನೂದು ನಿಮ್ಮ ಪುಸ್ತಕದಾಗ ಇರೂದಿಲ್ಲ."

ಹೊಸದನ್ನು ಹಾಕಿ ಗುಂಡಿ ತಿರುಗಿಸಿದರು. ಒಳಗೆಲ್ಲೋ ಗುಂಯ್ ಎಂಬ ನರಳಿಕೆ. ಮಿಸ್ತ್ರಿ ಕಣ್ಣು ಮುಚ್ಚಿ ಡ್ಯಾಶ್‌ಬೋರ್ಡಿಗೆ ಕಿವಿ ಹಚ್ಚಿದರು. ಅಷ್ಟರಲ್ಲಿ ಹೊಸ ಫ್ಯೂಜೂ ಸುಟ್ಟಿತು.

"ಮೋಟಾರಿಗಿ ಜೀವ ಐತಿ. ಫ್ಯಾನಿಗಿ ತಿರಗಾಕ ಏನೋ ಬಿಡವಲ್ದು. ಮಗ್ಗದಾಗ ನೂಲು ಸಿಕ್ಕರೂ ಹಿಂಗ ನರಳತೈತ್ರಿ."

"ತಮ್ಮಾ, ನಮ್ಮಕ್ಕ ಉಣ್ಣಾಕ ಕುಂದರೂದ್ರಾಗ ಮುಟ್ಟಬೇಕಪಾ," ಎಂದರು ಅತ್ತೆ.

"ತಾಸಿನ್ಯಾಗ ಕಳಸ್ತೀನಿ, ಆಯಿ."

ಮುಂದಿನ ಡ್ರಾವರನ್ನು ಕಳಚಿ, ಕಾಲಿಡುವ ಜಾಗದಲ್ಲಿ ಅಂಗಾತ ಮಲಗಿ, ಮೂರು ಸ್ಕ್ರೂ ಬಿಚ್ಚಿ ಫ್ಯಾನನ್ನು ಮೆಲ್ಲಗೆ ಕೆಳಗಿಳಿಸಿದರು. ನಾನೂ ಬಗ್ಗಿ ನೋಡಿದೆ.

ಫ್ಯಾನಿನ ಸಣ್ಣ ಸಣ್ಣ ರೆಕ್ಕೆಗಳ ನಡುವೆ ಕಪ್ಪು ಹಸಿಮಣ್ಣು, ಕೊಳೆತ ಚೆಂಡು ಹೂವಿನ ಎಸಳು. ಅದರೊಳಗಿಂದ ಎದ್ದ, ಬೆರಳುದ್ದದ, ಹಾಲಿನಷ್ಟು ಬಿಳಿಯ ಮೊಳಕೆಗಳು! ಎಲ್ಲವೂ ಒಂದೇ ಕಡೆಗೆ ಬಾಗಿದ್ದವು. ಮೇಲಿನ ಗಾಳಿಕಿಂಡಿಯ ಜಾಲಿಯಿಂದ ಎಳೆಯಷ್ಟು ಬೆಳಕು ಬರುವ ಕಡೆಗೆ. ಬುಡದ ಕಾಳಿಗೆ ಅರಿಸಿನದ ಬಣ್ಣ ಇನ್ನೂ ಅಂಟಿತ್ತು.

ನನ್ನದೇ ಕೆಲಸ. ಅಮಾವಾಸ್ಯೆಗೊಮ್ಮೆ ಕಾರಿಗೆ ಪೂಜೆ ಮಾಡಿ, ಜೋಳದ ಅಕ್ಷತೆಯನ್ನೂ ಹೂವನ್ನೂ ಗಾಳಿಗೆ ಹಾರದಿರಲೆಂದು ಗಾಜಿನ ಬುಡದ ಜಾಲಿಯ ಮೇಲೆ ಒತ್ತಿ ಇಡುತ್ತಿದ್ದೆ. ನಮ್ಮ ಹಳೆಯ ಕಾರಿಗೆ ಎ.ಸಿ. ಇಲ್ಲ. ಚಳಿಗಾಲ ಮುಗಿದ ಮೇಲೆ ಆ ಫ್ಯಾನನ್ನು ಯಾರೂ ತಿರುಗಿಸಿರಲಿಲ್ಲ. ಮಳೆಯೇ ನೀರುಣಿಸಿತ್ತು. ಬಾಜಾರಿಗೆ, ಮದುವೆಗೆ, ದವಾಖಾನೆಗೆ ನಾವು ಹೋಗಿ ಬರುತ್ತಿದ್ದಾಗ ನನ್ನ ಮೊಣಕಾಲಿನಿಂದ ಒಂದು ಮೊಳ ದೂರದ ಕತ್ತಲಲ್ಲಿ ಇವು ಬೆಳಕು ಹುಡುಕುತ್ತಿದ್ದವು.

"ಎಲ್ಲಾರೂ ಹೊಲದಾಗ ಬಿತ್ತತಾರ, ನಮ್ಮ ಸೊಸಿ ಮೋಟಾರನ್ಯಾಗ ಬಿತ್ಯಾಳ," ಎಂದರು ಅತ್ತೆ.

"ಪೂಜಿ ಬ್ಯಾಡ ಅನ್ನೂದಿಲ್ರಿ ವೈನಿ. ಕಾಳು ಗಾಲಿಗಿ ಹಾಕ್ರಿ."

ಮಿಸ್ತ್ರಿ ಮೊಳಕೆಗಳನ್ನು ಒಂದೊಂದಾಗಿ ಬಿಡಿಸಿದರು. ಬ್ರಶ್ಶಿನಿಂದ ರೆಕ್ಕೆಗಳನ್ನು ತಿಕ್ಕಿ, ಒರೆಸಿ, ನಡುವೆ ಒಂದು ಹನಿ ಎಣ್ಣೆ ಬಿಟ್ಟು, ಬೆರಳಿನಿಂದ ತಿರುಗಿಸಿ ನೋಡಿದರು. ಹಗುರವಾಗಿ ತಿರುಗಿತು. ಕೂಡಿಸಿ, ಮತ್ತೊಂದು ಫ್ಯೂಜ್ ಹಾಕಿ ಎಂಜಿನ್ ಚಾಲೂ ಮಾಡಿದರು. ಸ್ವಲ್ಪ ಹೊತ್ತಿಗೆ ಬೆಚ್ಚನೆಯ, ಹಸಿಮಣ್ಣಿನ ವಾಸನೆಯ ಗಾಳಿ ಬಂತು. ಗಾಜಿನ ಬುಡದಲ್ಲಿ ಅಂಗೈಯಗಲ ತಿಳಿಯಾಯಿತು. ಅದು ಹರಡಿ ಹರಡಿ ಮೊದಲು ರಸ್ತೆ, ಆಮೇಲೆ ಬೇವಿನ ಮರ, ಕೊನೆಗೆ ಆಕಾಶ ಕಂಡಿತು.

ಗಡಹಿಂಗ್ಲಜ ಮುಟ್ಟಿದಾಗ ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ಅಕ್ಕ ಮಂಚದ ಮೇಲೆ ಕುಳಿತು ತಂಗಿಯನ್ನು ದಿಟ್ಟಿಸಿದರು. ನಾನು ಬಾಗಿಲಲ್ಲೇ ನಿಂತೆ.

"ತಲಿ ಯಾಕ ಹಂಗ ಮಾಡ್ಕೊಂಡ ಬಂದೀಯೇ? ಅವ್ವ ನೋಡಿದ್ರ ಬೈತಾಳ. ಬಾ ಇಲ್ಲೆ, ಕುಂದರು."

ಎಪ್ಪತ್ತು ದಾಟಿದ ಅತ್ತೆ ನೆಲದ ಮೇಲೆ ಅಕ್ಕನ ಕಾಲ ಬಳಿ ಕುಳಿತರು. ಅಕ್ಕನ ಬೆರಳುಗಳು ಅವರ ತುರುಬು ಬಿಚ್ಚಿ, ಬಿಳಿ ಕೂದಲಲ್ಲಿ ಬೈತಲೆ ತೆಗೆದು, ಎರಡು ಜಡೆ ಹಾಕಿದವು. ಬಡಿಸಿದ ಅನ್ನ ಆರಿದರೂ ಮಗಳು ಕರೆಯಲಿಲ್ಲ.

ಊಟವಾದ ಮೇಲೆ ಅಕ್ಕ ತಂಗಿಯನ್ನು ತೋರಿಸಿ, ಮಗಳ ಕಡೆ ತಿರುಗಿ, "ಇವರು ಯಾರ ಪೈಕಿ?" ಎಂದು ಮೆಲ್ಲಗೆ ಕೇಳಿದರು.

ಅತ್ತೆ ದಾರಿಯುದ್ದಕ್ಕೂ ಜಡೆ ಬಿಚ್ಚಲಿಲ್ಲ. ಸಂಜೆ ನಾವು ಕಾರಿನಿಂದ ಇಳಿಯುವಾಗ ಪಕ್ಕದ ಮನೆಯಾಕೆ ಒಣಗದ ಬಟ್ಟೆಗಳನ್ನು ಹಿಂಡುತ್ತ ಇಣುಕಿದರು.

"ಏನ್ರಿ ಮಾವಶಿ, ಎರಡ ಹೆಳಲಾ! ನಾಳೆ ಸಾಲಿಗಿ ಹೆಸರ ಹಚ್ಚೂದೈತೇನ್ರಿ?"