ಭುಜಕ್ಕೆ ಸೂಜಿ ಚುಚ್ಚಿಸಿಕೊಂಡ ಹತ್ತು ವಾರ

ನಾಲ್ಕು ವರ್ಷದಿಂದ ನನ್ನ ಬಲಭುಜ ನೋಯುತ್ತಿತ್ತು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು ನಾನು. ಲೆಕ್ಕಗಳೆಲ್ಲ ಕರಿಹಲಗೆಯ ಕೆಳಗಿನ ಅರ್ಧದಲ್ಲೇ ಮುಗಿಯುವುದಕ್ಕೆ ಮಕ್ಕಳು ಒಗ್ಗಿಹೋಗಿದ್ದರು. ರಾಜಾಜಿನಗರದ ಮೂಳೆ ಡಾಕ್ಟರು ಮಾತ್ರೆ ಕೊಟ್ಟರು, ವ್ಯಾಯಾಮ ಹೇಳಿಕೊಟ್ಟರು. ಕೊನೆಗೆ ಅವರೇ, "ಇದರ ಜೊತೆಗೆ ಬೇಕಾದ್ರೆ ಅಕ್ಯುಪಂಕ್ಚರ್ ನೋಡಿ ಮೇಡಂ. ಕೆಲವರಿಗೆ ನೋವು ಕಮ್ಮಿ ಆಗುತ್ತೆ. ಆದ್ರೆ ವ್ಯಾಯಾಮ ಬಿಡಬೇಡಿ" ಎಂದಾಗ, ನನ್ನನ್ನು ಸಾಗಹಾಕುತ್ತಿದ್ದಾರೆ ಅನ್ನಿಸಿತು.

ಆದರೂ ಹೋದೆ. ಅಕ್ಯುಪಂಕ್ಚರ್ ಕ್ಲಿನಿಕ್ಕು ವಿಜಯನಗರದಲ್ಲಿ, ಬೇಕರಿಯೊಂದರ ಮೇಲಿನ ಮಹಡಿಯಲ್ಲಿತ್ತು. ನಡೆಸುತ್ತಿದ್ದಾಕೆ ನನಗಿಂತ ಚಿಕ್ಕವರು. ಭುಜದ ನೋವಿಗೆ ಕಾಲಿಗೂ ಸೂಜಿ ಹಾಕುತ್ತೇನೆ ಎಂದಾಗ ನನ್ನ ಅನುಮಾನ ಇನ್ನಷ್ಟು ಬಲವಾಯಿತು.

"ಸೂಜಿ ಹೊಸದಾ?" ಎಂದೆ.

"ನಿಮ್ಮ ಮುಂದೇನೇ ಪ್ಯಾಕೆಟ್ ಒಡೀತೀನಿ, ನೋಡಿ."

"ವಾಸಿ ಆಗುತ್ತಾ?"

"ವಾಸಿ ಅಂತ ಹೇಳಲ್ಲ. ನೋವು ಸ್ವಲ್ಪ ತಗ್ಗಬಹುದು. ಐದಾರು ಸಲಕ್ಕೆ ಏನೂ ಅನ್ನಿಸ್ಲಿಲ್ಲ ಅಂದ್ರೆ ನಾನೇ ನಿಲ್ಲಿಸಿ ಅಂತೀನಿ."

ಇಷ್ಟು ವಿನಯವೂ ವ್ಯಾಪಾರದ ಒಂದು ವರಸೆಯೇ ಇರಬೇಕು ಎಂದುಕೊಂಡೆ. ಸೂಜಿ ಇರುವೆ ಕಚ್ಚಿದಷ್ಟೂ ನೋಯಲಿಲ್ಲ. ಆಮೇಲೆ ಅಲ್ಲೊಂದು ಭಾರ, ಜೋಮು. ಅಂದಿನಿಂದ ದಿನವೂ ನೋವಿಗೆ ಹತ್ತಕ್ಕೆ ಇಷ್ಟು ಎಂದು ಡೈರಿಯಲ್ಲಿ ಅಂಕ ಹಾಕತೊಡಗಿದೆ.

ನಾಲ್ಕನೆಯ ವಾರ ಪರದೆಯಾಚೆಯ ಮಂಚದಲ್ಲಿ ಮೂಡಲಪಾಳ್ಯದ ಅಜ್ಜಿಯೊಬ್ಬರು ಮಲಗಿದ್ದರು. ಮಂಡಿನೋವಿಗೆ ಬರುತ್ತಿದ್ದವರು. "ನಾನಂತೂ ಶುಗರ್ ಮಾತ್ರೇನೂ ಬಿಟ್ಬಿಟ್ಟೆ ಕಣಮ್ಮ. ಸೂಜಿನೇ ಎಲ್ಲಾ ನೋಡ್ಕೊಳ್ಳುತ್ತೆ" ಎಂದರು.

ಕೊನೆಗೂ ಕ್ಲಿನಿಕ್ಕಿನಾಕೆ ಸಿಕ್ಕಿಬಿದ್ದರಲ್ಲ ಅನ್ನಿಸಿತು. ಆಕೆ ಒಳಗೆ ಬಂದ ಕೂಡಲೇ ಕೇಳಿದೆ: "ಇವರಿಗೆ ಶುಗರ್ ಮಾತ್ರೆ ನಿಲ್ಲಿಸಿ ಅಂದಿದ್ದು ನೀವಾ?"

ಆಕೆ ತಕ್ಷಣ ಅಜ್ಜಿಯತ್ತ ತಿರುಗಿದರು. ಪರದೆ ಸರಿಸಿ, "ಯಾರಮ್ಮ ನಿಮಗೆ ಹೇಳಿದ್ದು? ಎಷ್ಟು ದಿನ ಆಯ್ತು?" ಎಂದರು.

"ಮೂರು ವಾರ" ಎಂದರು ಅಜ್ಜಿ, ಮೆಲ್ಲಗೆ. "ಯಾರೂ ಹೇಳ್ಲಿಲ್ಲ. ಮಂಡಿ ಹಗುರ ಆಯ್ತಲ್ಲ, ಅದೂ ಹೋಗಿರುತ್ತೆ ಅಂದ್ಕೊಂಡೆ."

ಆಕೆ ಅಜ್ಜಿಯ ಸೂಜಿಗಳನ್ನೆಲ್ಲ ತೆಗೆದು, ಅವರ ಮಗಳಿಗೆ ಫೋನ್ ಮಾಡಿದರು. "ಈಗಲೇ ಅವರ ಡಾಕ್ಟರ ಹತ್ರ ಕರ್ಕೊಂಡು ಹೋಗಿ. ಅವರು ನೋಡೋವರೆಗೂ ಇಲ್ಲಿಗೆ ಬರೋದು ಬೇಡ." ಸೂಜಿ ಚುಚ್ಚಿಸಿಕೊಂಡು ಅಲುಗಾಡದೆ ಮಲಗಿದ್ದ ನನಗೆ ಎಲ್ಲವೂ ಕೇಳಿಸಿತು. ಆ ಪ್ರಶ್ನೆ ಕೇಳುವಾಗ ನನ್ನ ದನಿಯಲ್ಲಿದ್ದ ಸಂತೋಷ ನೆನೆದು ನಾಚಿಕೆಯಾಯಿತು.

ಅಜ್ಜಿಯ ಶುಗರ್ ಬಹಳ ಏರಿತ್ತಂತೆ. ಮತ್ತೆ ಮಾತ್ರೆ ಶುರುಮಾಡಿ ಹತೋಟಿಗೆ ಬಂದ ಮೇಲೆಯೇ ಅವರು ಮರಳಿ ಬಂದದ್ದು.

ಹತ್ತು ವಾರ ಮುಗಿದಾಗ ನನ್ನ ನೋವು ಏಳರಿಂದ ನಾಲ್ಕಕ್ಕೆ ಇಳಿದಿತ್ತು. ಡೈರಿಯನ್ನು ಮೂಳೆ ಡಾಕ್ಟರಿಗೆ ತೋರಿಸಿ, "ಇದು ಸೂಜಿಯಿಂದಾನಾ, ವ್ಯಾಯಾಮದಿಂದಾನಾ?" ಎಂದು ಕೇಳಿದೆ.

"ಬಿಡಿಸಿ ಹೇಳೋಕಾಗಲ್ಲ ಮೇಡಂ. ಎರಡೂ ಮಾಡ್ತಿದ್ದೀರಲ್ಲ" ಎಂದರು.

ಈಗಲೂ ತಿಂಗಳಿಗೊಮ್ಮೆ ಸೂಜಿ ಹಾಕಿಸಿಕೊಳ್ಳಲು ಹೋಗುತ್ತೇನೆ. "ಅಂತೂ ಸೂಜೀನ ನಂಬಿದೆ ಅನ್ನು" ಎಂದು ಮೊನ್ನೆ ನನ್ನ ಗಂಡ ರೇಗಿಸಿದರು.

"ಸೂಜಿ ವಿಷಯ ನಂಗೆ ಇನ್ನೂ ಗೊತ್ತಿಲ್ಲಾರೀ" ಎಂದೆ. "ಆಕೇನ ನಂಬ್ತೀನಿ."