ಪ್ರಾರ್ಥನೆಯ ಗಂಟೆ ಮತ್ತು ಎರಡು ಅಂಕ

ನನ್ನ ಹೆಂಡತಿ ಮಕ್ಕಳಿಗೆ ಬಾಸ್ಕೆಟ್‌ಬಾಲ್ ಕಲಿಸುತ್ತಾಳೆ. ನಾನು ಅದೇ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ, ಉಳಿದ ಹೊತ್ತು ಚಿಂತೆ ಮಾಡುತ್ತೇನೆ. ಇಗರ್ಜಿಯ ಹಿಂದಿನ ಕೋರ್ಟಿನಲ್ಲಿ ನಮ್ಮ ಸಂಜೆಗಳ ಕ್ರಮ ಇಷ್ಟೇ: ಮೊದಲು ಪಾಠ, ಆಮೇಲೆ ಚೆಂಡು. ಕೊಂಕಣಿ ಮನೆಯವರು, ತುಳು ಮನೆಯವರು, ಬ್ಯಾರಿ ಮನೆಯವರು ಎಲ್ಲರ ಮಕ್ಕಳೂ ಬರುತ್ತಾರೆ. ಬೀಜಗಣಿತ ಕಂಡಾಗ ಎಲ್ಲರ ಮುಖವೂ ಒಂದೇ ಆಗುತ್ತದೆ.

ಮೇ ತಿಂಗಳಲ್ಲಿ ನಮ್ಮ ಬಡಾವಣೆಯ ಕೂಟ. ಗೋಳಿಬಜೆ, ಶರಬತ್ತು, ನಂಬರು ಕೂಗಿ ಆಡುವ ಹೌಸಿ ಹೌಸಿ, ಕೊನೆಗೆ ಹುಡುಗಿಯರ ಬಾಸ್ಕೆಟ್‌ಬಾಲ್ ಪಂದ್ಯ. ಈ ಸಲ ಎದುರಾಳಿಗಳು ಕಾಟಿಪಳ್ಳದವರು. ನಮ್ಮ ತಂಡದ ಜೀವ ಒಬ್ಬಳೇ ಹುಡುಗಿ, ಆಗ ತಾನೇ ಹತ್ತನೆಯ ತರಗತಿ ಮುಗಿಸಿದವಳು. ಅವಳ ತಂದೆ ದುಬೈಯಲ್ಲಿ, ತಾಯಿಗೆ ಇಲ್ಲಿ ಟೈಲರಿಂಗ್ ಅಂಗಡಿ. ಕೂಟದ ಮುನ್ನಾದಿನ ಆ ತಾಯಿ ನನ್ನನ್ನು ನಿಲ್ಲಿಸಿ ಹೇಳಿದ್ದರು: "ಇದೊಂದು ಮ್ಯಾಚ್ ಆಡ್ಲಿ ಸರ್, ಆಮೇಲೆ ಸಾಕು. ಪಿಯುಸಿ ಸಯನ್ಸ್ ಅಂದ್ರೆ ತಮಾಷೆ ಉಂಟಾ? ಹಂಪನಕಟ್ಟೆಯಲ್ಲಿ ಸಂಜೆ ಕೋಚಿಂಗಿಗೆ ಹಾಕ್ತೇನೆ."

ಹುಡುಗಿ ಮಾತ್ರ ಒಂದು ಆಸೆ ಇಟ್ಟುಕೊಂಡಿದ್ದಳು. ಅಮ್ಮ ಒಮ್ಮೆಯೂ ಅವಳ ಆಟ ನೋಡಿರಲಿಲ್ಲ. ನೋಡಿದರೆ, ಅದೂ ಗೆದ್ದದ್ದನ್ನು ನೋಡಿದರೆ, ಮನಸ್ಸು ಬದಲಾದೀತು.

ನಾನು ಮಳೆಯ ಬಗ್ಗೆ ಚಿಂತಿಸಿದೆ. ಕುರ್ಚಿಗಳ ಬಗ್ಗೆ, ಜಾರುವ ಕೋರ್ಟಿನ ಬಗ್ಗೆ, ಮೈಕ್ ಸೆಟ್ಟಿನ ಬಗ್ಗೆ ಚಿಂತಿಸಿದೆ. ರಿಂಗಿನ ಬೋರ್ಡು ಕಳಚಿ ಇಗರ್ಜಿಯ ಫಾದರ್ ತಲೆಯ ಮೇಲೆ ಬಿದ್ದರೆ ಎಂದೂ ಚಿಂತಿಸಿದೆ. ಗಂಟೆಯ ಬಗ್ಗೆ ಮಾತ್ರ ಹೊಳೆಯಲೇ ಇಲ್ಲ.

ಪಂದ್ಯ ಮುಗಿಯುತ್ತ ಬಂದಿತ್ತು. ನಾವು ಒಂದೇ ಒಂದು ಅಂಕ ಮುಂದೆ. ಚೆಂಡು ನಮ್ಮ ಹುಡುಗಿಯ ಕೈಯಲ್ಲಿ. ತಾಯಿ ಮುಂದಿನ ಸಾಲಿನಲ್ಲಿ ಕುರ್ಚಿಯ ತುದಿಗೆ ಬಂದು ಕೂತಿದ್ದರು. ಆಗ ಇಗರ್ಜಿಯ ಗೋಪುರದಿಂದ ಸಂಜೆಯ ಪ್ರಾರ್ಥನೆಯ ಗಂಟೆ ಹೊಡೆಯಿತು.

ಆ ಗಂಟೆಗೆ ನಮ್ಮ ಕೋರ್ಟಿನಲ್ಲಿ ಎಲ್ಲರೂ ಇದ್ದಲ್ಲೇ ನಿಲ್ಲುತ್ತಾರೆ. ಹೀಗೆ ಮಾಡಿ ಎಂದು ಯಾರಿಗೂ ಯಾರೂ ಹೇಳಿದ್ದಿಲ್ಲ. ನಿಂತವರನ್ನು ನೋಡಿ ಹೊಸಬರೂ ನಿಲ್ಲುತ್ತಾರೆ, ಅವರು ಯಾವ ಮನೆಯವರೇ ಆಗಲಿ. ಅಂದೂ ನಿಂತರು. ಹುಡುಗಿ ಚೆಂಡನ್ನು ಮೆಲ್ಲಗೆ ಕಾಲ ಬಳಿ ಇಟ್ಟು ಕಣ್ಣು ಮುಚ್ಚಿದಳು. ಗೋಳಿಬಜೆ ಕಾಯಿಸುವವರ ಸೌಟು ಗಾಳಿಯಲ್ಲೇ ನಿಂತಿತು. ಒಂದು ಗಂಟೆಯ ಸದ್ದು ಪೂರ್ತಿ ಕರಗುವ ಮೊದಲೇ ಇನ್ನೊಂದು ಬರುತ್ತಿತ್ತು. ಆಕಾಶ ಪುನರ್ಪುಳಿ ಶರಬತ್ತಿನ ಕೆಂಪು ಬಣ್ಣಕ್ಕೆ ತಿರುಗಿತ್ತು, ಬಾವಲಿಗಳು ಹೊರಟಿದ್ದವು. ನಾನೂ ತಲೆ ತಗ್ಗಿಸಿದ್ದೆ. ಬಹಳ ದಿನಗಳ ಮೇಲೆ ನನ್ನೊಳಗೆ ಒಂದೂ ಚಿಂತೆ ಇರಲಿಲ್ಲ.

ಆ ಮೌನದೊಳಗೆ ಚೆಂಡು ಪುಟಿಯುವ ಸದ್ದು ಕೇಳಿ ತಲೆ ಎತ್ತಿದೆ. ಕಾಟಿಪಳ್ಳದ ಒಬ್ಬ ಹುಡುಗಿ, ನಿದ್ದೆ ಹೋದ ಊರನ್ನು ದಾಟುವವಳಂತೆ, ನಿಂತವರ ನಡುವೆ ದಾರಿ ಮಾಡಿಕೊಂಡು ಹೋಗಿ ಚೆಂಡನ್ನು ರಿಂಗಿನೊಳಗೆ ಹಾಕಿದಳು. ಹೊರಗಿನಿಂದ ಬಂದ ರೆಫ್ರಿ ಎರಡು ಬೆರಳು ಎತ್ತಿದರು. ಗಂಟೆ ಮುಗಿದು ನಮ್ಮವರು ಕಣ್ಣು ಬಿಡುವಷ್ಟರಲ್ಲಿ ಆಟದ ಹೊತ್ತೂ ಮುಗಿಯಿತು.

"ಎಲ್ಲ ಯಾಕೆ ನಿಂತದ್ದು ಅಂತ ಗೊತ್ತಾಗ್ಲಿಲ್ಲ ಸರ್," ಎಂದಳು ಆ ಹುಡುಗಿ, ಪಾಪ, ಅಳುವಂತಾಗಿ. "ನಿಮ್ಮ ಎಂತದೋ ಪ್ಲಾನ್ ಅಂತ ಗ್ರಹಿಸಿದೆ."

ನಮ್ಮ ಹುಡುಗಿ ಅಮ್ಮನ ಕಡೆ ನೋಡಿದಳು. ಕುರ್ಚಿ ಖಾಲಿ ಇತ್ತು. ಅಮ್ಮ ಚಪ್ಪಲಿ ಹಾಕಿಕೊಂಡೇ ಕೋರ್ಟಿನ ನಡುವೆ ರೆಫ್ರಿಯ ಎದುರು ನಿಂತಿದ್ದರು.

"ಎಂತ ಮಾರಾಯ್ರೆ, ದೇವರ ಗಂಟೆಗೆ ನಿಂತವರಿಗೆ ಸೋಲಾ?"

"ನಾನು ವಿಸಿಲ್ ಹಾಕ್ಲಿಲ್ಲಮ್ಮ. ವಿಸಿಲ್ ಹಾಕದೆ ಆಟ ನಿಲ್ಲುದಿಲ್ಲ."

"ನಿಮ್ಮ ವಿಸಿಲ್ ನಿಮ್ಮ ಹತ್ರವೇ ಇರ್ಲಿ. ಇನ್ನೊಮ್ಮೆ ಆಡುವ. ಬೇಕಾದ್ರೆ ಅವರ ಊರಲ್ಲೇ."

ಹುಡುಗಿ ಮೆಲ್ಲಗೆ ಕೇಳಿದಳು: "ಅಮ್ಮ, ಆಟ ಸಾಕು ಅಂತ ಹೇಳಿದ್ದಲ್ವಾ?"

"ಗೆದ್ದು ಬಿಡುದಾದ್ರೆ ಬೇರೆ. ಹೀಗೆ ಸೋತು ಬಿಡುದಾ? ಬೆಳಿಗ್ಗೆಯ ಕೋಚಿಂಗೂ ಉಂಟಂತೆ, ಅದಕ್ಕೆ ಸೇರು. ಸಂಜೆ ಇಲ್ಲಿಗೆ ಬಾ."

ನನ್ನ ಹೆಂಡತಿ ಜನ್ಮದಲ್ಲಿ ಮೊದಲ ಬಾರಿಗೆ, ಕೋರ್ಟಿನ ಮೇಲೆ ಚಪ್ಪಲಿ ಕಂಡೂ ಸುಮ್ಮನಿದ್ದಳು.

ಮುಂದಿನ ತಿಂಗಳು ಆ ಪಂದ್ಯವನ್ನು ಇನ್ನೊಮ್ಮೆ ಆಡಲು ನಾವೆಲ್ಲ ಕಾಟಿಪಳ್ಳಕ್ಕೆ ಹೊರಟೆವು. ಕೂಳೂರು ಸೇತುವೆಯ ಮೇಲೆ ಬಸ್ಸು ನಿಧಾನವಾಯಿತು. ಮೊದಲ ಮಳೆ ಬಿದ್ದ ಹೊಳೆ ಕೆಂಪಾಗಿ, ಎಲ್ಲಿಗೂ ಅವಸರವಿಲ್ಲದಂತೆ ಹರಿಯುತ್ತಿತ್ತು. ಎದುರಿನ ಸೀಟಿನಲ್ಲಿ ಹುಡುಗಿ ತಾಯಿಯ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದಳು. ತಾಯಿ ಚೆಂಡನ್ನು ಮಡಿಲಲ್ಲಿಟ್ಟು ಎರಡೂ ಕೈಯಲ್ಲಿ ಹಿಡಿದಿದ್ದರು. ನೋಡುತ್ತ ನೋಡುತ್ತ ನನಗೂ ಜೋಂಪು ಹತ್ತಿತು. ಅಷ್ಟರಲ್ಲಿ ಹೊಸದೊಂದು ಚಿಂತೆ ಎಬ್ಬಿಸಿತು.

"ಏಯ್," ಎಂದು ಹೆಂಡತಿಯನ್ನು ತಿವಿದೆ. "ಇವತ್ತು ಗೆದ್ದರೆ ಈ ಅಮ್ಮ ಮಗಳ ಆಟ ಬಿಡಿಸ್ತಾರಾ?"

ಅವಳು ಚೆಂಡು ಹಿಡಿದ ಆ ತಾಯಿಯ ಕೈಗಳನ್ನು ನೋಡಿದಳು.

"ಆ ಹೆಂಗಸು ಇನ್ನು ನಮ್ಮನ್ನು ಬಿಡುದಿಲ್ಲ ಮಾರಾಯ್ರೆ. ನೀವು ಹೊಳೆ ನೋಡಿ."