ಹೂಡಿ ನೋಡದೆ ಕೊಂಡ ಬೈಕು

ಬೈಕು ನಿಂತುಕೊಳ್ಳುವ ರೀತಿಯೇ ನನಗೆ ಹಿಡಿಸುವುದಿಲ್ಲ. ಒಂದು ಕಾಲು ಚಾಚಿ, ಮೈಯನ್ನೆಲ್ಲ ಒಂದು ಮಗ್ಗುಲಿಗೆ ಬಿಟ್ಟು, ಕೊರಳು ಓರೆ ಮಾಡಿಕೊಂಡು, ಟೀ ಅಂಗಡಿಯ ಗೋಡೆಗೆ ಒರಗಿ ಬೀಡಿ ಸೇದುವ ಕೆಲಸವಿಲ್ಲದ ಗಂಡಸಿನ ಹಾಗೆ ನಿಲ್ಲುತ್ತದೆ. ಎತ್ತು ಹಾಗಲ್ಲ. ನಿಲ್ಲಬೇಕೆಂದರೆ ನಾಲ್ಕು ಕಾಲೂ ಊರಿ ನಿಲ್ಲುತ್ತದೆ, ಮಲಗಬೇಕೆಂದರೆ ಮಲಗುತ್ತದೆ. ನಿಂತಂತೆಯೂ ಅಲ್ಲ, ಬಿದ್ದಂತೆಯೂ ಅಲ್ಲ ಎನ್ನುವ ಈ ಸೋಗು ಅದಕ್ಕೆ ಬರುವುದಿಲ್ಲ.

ಹಂಪಾಪುರದ ಪಕ್ಕದ ಹಳ್ಳಿಯಲ್ಲಿ ದನ ಕರುವಿನ ಜೊತೆ ಮುದುಕಿಯಾದ ನನಗೂ ಬೈಕಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ತಂದವಳು ನನ್ನ ಮೊಮ್ಮಗಳು, ಮಗನ ಮಗಳು ಪವಿತ್ರ. ಅವಳಿಗೆ ಅಂತರಸಂತೆಯ ಕಡೆ ದನಗಳಿಗೆ ಸೂಜಿಮದ್ದು ಹಾಕುವ ಕೆಲಸ ಸಿಕ್ಕಿತು. ಕಾಡಿನ ಅಂಚಿನ ಊರುಗಳು. ಒಂದು ಹಟ್ಟಿಯಿಂದ ಇನ್ನೊಂದು ಹಟ್ಟಿಗೆ ಹೋಗಲು ಕಲ್ಲುಹಾದಿ ಇದೆ, ಬಸ್ಸಿಲ್ಲ. ಬರುವ ಸೋಮವಾರದೊಳಗೆ ಸ್ವಂತ ಗಾಡಿ ತಂದರೆ ಕೆಲಸ ನಿನ್ನದು, ಇಲ್ಲದಿದ್ದರೆ ಕಾದಿರುವವರು ಬೇರೆ ಇದ್ದಾರೆ ಎಂದು ಕೆಲಸ ಕೊಟ್ಟವರು ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಕೆಲಸ ತಪ್ಪಿದರೆ ಮುಂದೇನು ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ತಿಳಿಯದ ವಿಷಯವಲ್ಲ. ಪಿರಿಯಾಪಟ್ಟಣದಲ್ಲಿರುವ ನನ್ನ ಅಳಿಯ ನಾಗರಾಜ ಒಬ್ಬ ಗಂಡಿನ ಜಾತಕವನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೇ ತಿರುಗುತ್ತಿದ್ದ. ಹುಡುಗಿ ಕೆಲಸಕ್ಕೆ ಹೋಗಲಿಲ್ಲವೋ, ಆ ಕಾಗದ ಹೊರಗೆ ಬರುವುದೇ.

ಹುಡುಗಿ ಗೆಳತಿಯ ಮನೆಯ ಹಳೆಯ ಬೈಕಿನಲ್ಲಿ ಓಡಿಸುವುದು ಕಲಿತಿದ್ದಳು, ಲೈಸೆನ್ಸೂ ಮಾಡಿಸಿಕೊಂಡಿದ್ದಳು. ಆದರೆ ಗಾಡಿ ಆರಿಸುವುದೆಂದರೆ ಸಣ್ಣ ವಿಷಯವೇ? ನಮ್ಮ ಜಗಲಿಯ ಮೇಲೆ ಸಭೆ ಸೇರಿತು. ನನ್ನ ಮಗ ಮಾದೇವನಿಗೆ ಗಾಡಿ ಪೆಟ್ರೋಲು ಕುಡಿಯಲೇಬಾರದು, ವಾಸನೆ ನೋಡಿ ಓಡಬೇಕು. ಹಿಂದೆ ಎರಡು ಹಾಲಿನ ಕ್ಯಾನು, ಒಂದು ಬೂಸಾ ಮೂಟೆ ಹಿಡಿಯಬೇಕು ಎಂಬುದೂ ಅವನದೇ ಸೇರ್ಪಡೆ. ಅಳಿಯನಿಗೆ ಅದು ಗುಡುಗಬೇಕು, ಹೆಚ್.ಡಿ. ಕೋಟೆಯಲ್ಲಿ ಸ್ಟಾರ್ಟ್ ಮಾಡಿದರೆ ಹುಣಸೂರಿಗೆ ಕೇಳಬೇಕು. ನಾನು ಮಾತ್ರ ಸುಮ್ಮನಿದ್ದೆನೇ? ಕರಿ ಬಣ್ಣದ್ದು ಬೇಡ, ಮನೆಗೆ ಆಗಿಬರುವುದಿಲ್ಲ ಎಂದು ನಾನೂ ನನ್ನ ಪಾಂಡಿತ್ಯವನ್ನು ಎಲ್ಲರ ಮುಂದೆ ಹರವಿದೆ. ಕೊನೆಗೆ, ನಮ್ಮ ಮನೆಗೆ ನಡೆದು ಬರುವ ವಸ್ತು ಯಾವುದನ್ನೂ ದಳ್ಳಾಳಿ ಚಿಕ್ಕಣ್ಣನಿಲ್ಲದೆ ಇದುವರೆಗೆ ಕೊಂಡಿಲ್ಲ, ಇದನ್ನೂ ಕೊಳ್ಳುವುದು ಬೇಡ ಎಂದು ತೀರ್ಮಾನವಾಯಿತು. ಚಿಕ್ಕಣ್ಣ ದನದ ದಳ್ಳಾಳಿ. ಜೋಡೆತ್ತು, ಕಡಸು, ಒಮ್ಮೆ ನನ್ನ ಭಾವನಿಗೊಂದು ಕುದುರೆ, ಎಲ್ಲ ಅವನ ಕೈಯಿಂದಲೇ ಬಂದದ್ದು. ಕುದುರೆಯ ಕಥೆ ಈಗ ಬೇಡ. ಭಾವನ ಸೊಂಟ ಕೊನೆಯವರೆಗೂ ಅದನ್ನು ಹೇಳುತ್ತಲೇ ಇತ್ತು.

ಮಗನ ಗೆಳೆಯನ ಜೀಪು ಬಂತು. ಮಗ, ಸೊಸೆ, ಅಳಿಯ, ಚಿಕ್ಕಣ್ಣ, ನಾನು, ಓಡಿಸಲು ಆ ಗೆಳೆಯ, ಜೊತೆಗೆ ಹೇಗೂ ಹುಣಸೂರಿಗೆ ಹೋಗುತ್ತೀರಲ್ಲ ಎಂದು ಒಂದು ಮೂಟೆ ಈರುಳ್ಳಿ. ಜೀಪು ತುಂಬಿತು. ಪವಿತ್ರ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. “ನೀನ್ಯಾಕೆ ಮಗ, ನಾವೆಲ್ಲ ಓಯ್ತಾ ಇಲ್ವಾ?” ಎಂದ ನನ್ನ ಮಗ. ಈರುಳ್ಳಿ ಹೋಯಿತು, ಹುಡುಗಿ ಉಳಿದಳು.

ಹುಣಸೂರಿನಲ್ಲಿ ರಫೀಕ್ ಸಾಹೇಬರು ಹಳೆಯ ಬೈಕುಗಳನ್ನು ಕೊಂಡು, ತೊಳೆದು, ಉಜ್ಜಿ, ಮದುವೆಗೆ ನಿಂತ ಗಂಡುಗಳ ಹಾಗೆ ಸಾಲಾಗಿ ನಿಲ್ಲಿಸಿ ಮಾರುತ್ತಾರೆ. ಮೊದಲ ಬೈಕು ಬೀಳುವ ಬೈಕು, ಹೊಸತು ಯಾಕೆ ಎಂದು ಮಗ ಅಲ್ಲಿಗೆ ಕರೆದುಕೊಂಡು ಹೋಗಿದ್ದ. ಅವನು ಆಡಿದ್ದರಲ್ಲಿ ಅದೊಂದೇ ಬುದ್ಧಿಯ ಮಾತು. ಚಿಕ್ಕಣ್ಣ ಸಾಲಿನ ಉದ್ದಕ್ಕೂ ನಡೆದು, ಒಂದರ ಸೀಟಿಗೆ ತಟ್ಟಿ, ಇನ್ನೊಂದರ ಹೊಟ್ಟೆ ಸವರಿ, ಎಲ್ಲಕ್ಕಿಂತ ಎತ್ತರದ ಕೆಂಪು ಬೈಕಿನ ಮುಂದೆ ನಿಂತುಬಿಟ್ಟ.

“ಏನ್ ಎತ್ರ ಕಣವ್ವ! ಎದೆ ನೋಡು, ಎದೆ! ಇಂಥದ್ ಕಟ್ಕಂಡ್ರೆ ಊರೇ ತಿರುಗಿ ನೋಡ್ಬೇಕು.”

ರಫೀಕರು ವ್ಯಾಪಾರಿ, ಗಿರಾಕಿ ಯಾವ ಭಾಷೆಯಲ್ಲಿ ಬಂದರೂ ಅದೇ ಭಾಷೆಯಲ್ಲಿ ಉತ್ತರ ಕೊಡಬಲ್ಲರು. “ಏನ್ ಕಣ್ಣು ಯಜಮಾನ್ರೇ ನಿಮ್ದು! ಕಾಲು ಗಟ್ಟಿ, ರೋಗ ಇಲ್ಲ ರುಜಿನ ಇಲ್ಲ, ಮೇವೂ ಕಮ್ಮಿ ಕಣ್ರೀ,” ಎಂದರು. ಚಿಕ್ಕಣ್ಣ ಹೆಗಲ ಟವೆಲು ತೆಗೆದು ಇಬ್ಬರ ಕೈ ಮೇಲೂ ಹಾಕಿದ. ಸಂತೆಯಲ್ಲಿ ದನದ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ, ಟವೆಲಿನ ಅಡಿಯಲ್ಲಿ ಬೆರಳು ಹಿಡಿದು ತಿಳಿಸುತ್ತಾರೆ. ರಫೀಕರು ನಗುತ್ತಲೇ ಬೆರಳು ಕೊಟ್ಟರು. ವ್ಯಾಪಾರ ಕುದುರಿತು. ಅಳಿಯ ಬೈಕಿನ ಮೇಲೆ ಕೂತು ನೋಡಿದ, ಮಗ ಕೂತು ನೋಡಿದ, ಜೀಪಿನವನೂ ಕೂತು ನೋಡಿದ. ಕೆಂಪು ಬಣ್ಣ ನೋಡಿ ನಾನು ಕೈ ಮುಗಿದೆ.

ಮರುದಿನ ಬೆಳಗ್ಗೆ ಮಾರಮ್ಮನ ಗುಡಿಯ ಮುಂದೆ ಪೂಜೆ. ಚಕ್ರಗಳ ಅಡಿಗೆ ನಿಂಬೆಹಣ್ಣು ಇಟ್ಟಾಯಿತು. ಓಡಿಸುವವರೇ ಅದನ್ನು ತುಳಿದು ಮುಂದೆ ಹೋಗಬೇಕು. ಪವಿತ್ರ ನಮ್ಮ ಮನೆಯ ಹೆಣ್ಣುಗಳ ಹಾಗೆ ಗಿಡ್ಡ. ಹತ್ತಿ ಕೂತಳು. ಒಂದು ಕಾಲಿನ ಹೆಬ್ಬೆರಳು ನೆಲ ಮುಟ್ಟಿತ್ತು, ಇನ್ನೊಂದು ಕಾಲು ಗಾಳಿಯಲ್ಲಿ ನೆಲ ಹುಡುಕುತ್ತಿತ್ತು. ಗಾಡಿ ಮೆಲ್ಲಗೆ, ಯಾವ ಅವಸರವೂ ಇಲ್ಲದೆ, ಮಗ್ಗುಲಿಗೆ ವಾಲಿತು, ವಾಲುತ್ತಲೇ ಹೋಯಿತು. ಹುಡುಗಿಯ ಮೊಣಕಾಲು ತರಚಿತು, ಪೂಜಾರಿಯ ತಟ್ಟೆ ಹಾರಿತು, ನಿಂಬೆಹಣ್ಣಿಗೆ ಮಾತ್ರ ಏನೂ ಆಗಲಿಲ್ಲ.

“ನಾನ್ ಆಗ್ಲೇ ಏಳ್ಲಿಲ್ವಾ, ಎಣ್ಮಕ್ಳಿಗೆ ಇದೆಲ್ಲ ಒಗ್ಗಲ್ಲ ಅಂತ?” ಎಂದ ಅಳಿಯ. ಅವನು ಅದನ್ನು ಆಗ ಹೇಳಿರಲಿಲ್ಲ. “ಬುಡು, ಗಾಡಿ ನಾನ್ ಇಟ್ಕತೀನಿ. ಸೋಮವಾರ ಬೇಕಾರೆ ನಾನೇ ಕರ್ಕಂಡೋಗಿ, ಆಗಲ್ಲ ಅಂತ ಏಳ್ಬುಟ್ಟು ಬತ್ತೀನಿ.” ಹೇಳುತ್ತ ಹೇಳುತ್ತ ಅವನ ಕೈ ಅಂಗಿಯ ಜೇಬಿನ ಕಡೆ ಹೋಯಿತು.

ಪವಿತ್ರ ಅಳಲಿಲ್ಲ. ಮೊಣಕಾಲಿನ ಮಣ್ಣು ಕೊಡವಿಕೊಂಡು, “ನನ್ನ ಒಂದ್ಸಲ ಅದ್ರ ಮ್ಯಾಲ್ ಕೂರ್ಸಿ ನೋಡಿದ್ರಾ ಯಾರಾರ? ಈರುಳ್ಳಿಗ್ ಜಾಗ ಇತ್ತು,” ಎಂದಳು.

ಗಾಡಿ ಆರಿಸಿದವರೆಲ್ಲ ಮನಸ್ಸಿನಲ್ಲಿ ತಾವೇ ಅದರ ಮೇಲೆ ಸವಾರಿ ಹೊರಟಿದ್ದರು. ಎತ್ತರ ಚಿಕ್ಕಣ್ಣನಿಗೆ, ಗುಡುಗು ಅಳಿಯನಿಗೆ, ಬೂಸಾ ಮೂಟೆ ಮಗನಿಗೆ, ಕೆಂಪು ನನಗೆ. ಓಡಿಸುವವಳ ಪಾಲಿಗೆ ಉಳಿದದ್ದು ಗಾಯ. ಎತ್ತು ತಂದರೆ ನಾವು ಹೀಗೆ ಮಾಡುತ್ತಿದ್ದೆವೇ? ನೇಗಿಲಿಗೆ ಹೂಡಿ ನೋಡುತ್ತಿದ್ದೆವು. ನೊಗ ಹೊತ್ತು ಮಲಗಿಬಿಟ್ಟರೆ ಹಗ್ಗ ಹಿಡಿದು ವಾಪಸ್ಸು ಹೊಡೆದುಕೊಂಡು ಹೋಗುತ್ತಿದ್ದೆವು; ಮಾರಿದವನು ಮುಖ ಸಿಂಡರಿಸಿದರೂ ಕಟ್ಟಿಕೊಳ್ಳಲೇಬೇಕಿತ್ತು. ಅದನ್ನು ಯಾರೂ ಬರೆದಿಟ್ಟಿಲ್ಲ. ಟವೆಲಿನ ಅಡಿ ಬೆರಳು ಹಿಡಿದ ಮೇಲೆ ಆ ಮಾತೂ ಸೇರಿಯೇ ಬರುತ್ತದೆ.

“ಮಾದೇವ, ಗಾಡಿ ಎತ್ತಲಾ,” ಎಂದೆ. “ಇದು ನೊಗಕ್ ಮಲಗ್ತು. ನಡಿ ಉಣಸೂರ್ಗೆ.”

ಗುಡಿಯ ಜಗಲಿಯ ಮೇಲೆ ನಿಂತು ನಾನು ಅದರ ಬೆನ್ನೇರಿದೆ. ನೆಲದಿಂದ ಹತ್ತಲು ಏಣಿ ಬೇಕಿತ್ತು. ಮಗ ಓಡಿಸಿದ. ಪವಿತ್ರ ಬಸ್ಸಿನಲ್ಲಿ ಬಂದಳು.

ರಫೀಕರು ಎದ್ದು ನಿಂತು ಕುರ್ಚಿ ಕೊಟ್ಟರು, ಟೀ ತರಿಸಿದರು, ಆಮೇಲೆ ಮೆತ್ತಗೆ, “ಅಜ್ಜಮ್ಮ, ವಾಪಸ್ ಅಂಗೆಲ್ಲ ಆಗಲ್ಲ. ಇದೇನ್ ದನಾನಾ?” ಎಂದರು.

“ಕಾಲು ಗಟ್ಟಿ, ಮೇವು ಕಮ್ಮಿ ಅಂದೋರ್ ಯಾರು ಸಾಬ್ರೇ? ನಮ್ ಚಿಕ್ಕಣ್ಣ ಟವಲ್ ಆಕ್ದಾಗ ಇದು ದನ ಅಲ್ಲ ಅಂದ್ರಾ? ಬೆರಳ್ ಕೊಡೋವಾಗ ದನ, ವಾಪಸ್ ಕಟ್ಕಳೋವಾಗ ಬೈಕಾ?”

ಪಕ್ಕದ ಪಂಕ್ಚರ್ ಅಂಗಡಿಯವರು ಗೊಳ್ಳೆಂದು ನಕ್ಕರು. ನಕ್ಕ ಮೇಲೆ ವ್ಯಾಪಾರಿಗೆ ಬೇರೆ ದಾರಿ ಇರಲಿಲ್ಲ. “ಸರಿ ಅಜ್ಜಮ್ಮ, ಬದಲಿಗೆ ಬೇರೆ ನೋಡ್ಕಳಿ. ಆದ್ರೆ ಆ ಟವಲ್‌ನವ್ರನ್ನ ಮತ್ತೆ ಕರ್ಕಂಡ್ ಬರ್ಬೇಡಿ,” ಎಂದರು.

ಈ ಸಲ ನಾನು ಯಾವ ಬೈಕಿನ ಮುಖವನ್ನೂ ನೋಡಲಿಲ್ಲ. ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ಹುಡುಗಿಯನ್ನು ಒಂದೊಂದರ ಮೇಲೂ ಹತ್ತಿಸಿ, ಅವಳ ಹಿಮ್ಮಡಿಗಳನ್ನು ನೋಡಿದೆ. ನೀಲಿಯದು, ಹಿಮ್ಮಡಿ ಎದ್ದಿತ್ತು, ಬೇಡ. ಹಳದಿಯದು, ಒಂದೇ ಕಡೆ ಊರಿತು, ಬೇಡ. ಮೂಲೆಯಲ್ಲೊಂದು ಗಿಡ್ಡ ಬೈಕು ಇತ್ತು. ಕರಿ ಬಣ್ಣ, ಪೆಟ್ರೋಲ್ ಟ್ಯಾಂಕಿನ ಮೇಲೆ ಒಂದು ನೆಗ್ಗು. ಚಿಕ್ಕಣ್ಣನಾಗಿದ್ದರೆ ಅದನ್ನು ದನದ ಮೈಮೇಲಿನ ಕೆಟ್ಟ ಸುಳಿ ಎಂದು ಮುಖ ತಿರುಗಿಸುತ್ತಿದ್ದ. ಅದರ ಮೇಲೆ ಅವಳ ಎರಡು ಹಿಮ್ಮಡಿಯೂ ನೆಲಕ್ಕೆ ಕಚ್ಚಿಕೊಂಡವು.

“ಕರಿ ಬಣ್ಣ ಕಣಜ್ಜಿ,” ಎಂದಳು ಪವಿತ್ರ, ಮುಖದಲ್ಲಿ ನಗು ಬಚ್ಚಿಟ್ಟುಕೊಂಡು.

“ಎಮ್ಮೇನೂ ಕರೀದೇ, ಅದ್ರ ಆಲು ನಾವ್ ಕುಡಿಯಲ್ವಾ? ಈಗ ಇದನ್ನ ನೆಲಕ್ ಮಲಗ್ಸು.”

ರಫೀಕರು ಓಡಿ ಬಂದರು. “ಅಯ್ಯೋ ಅಜ್ಜಮ್ಮ, ಗಾಡಿ ಬೀಳ್ಸಿ ನೋಡ್ತಾರಾ ಯಾರಾದ್ರೂ?”

“ಎಲ್ರೂ ಬೀಳ್ಸೇ ನೋಡೋದು ಸಾಬ್ರೇ. ನಾವು ತಗಳಕ್ ಮುಂಚೆ ನೋಡ್ತೀವಿ, ಅಷ್ಟೆಯಾ.”

ಗೋಣಿಚೀಲ ಹಾಸಿ, ಅದರ ಮೇಲೆ ಬೈಕನ್ನು ಮಲಗಿಸಿದೆವು. ಮಗ ಕೈ ಹಾಕಲು ಬಂದ, ಬೇಡ ಎಂದೆ. ಕಾಡಂಚಿನ ಹಾದಿಯಲ್ಲಿ ಅವನು ಇರುವುದಿಲ್ಲವಲ್ಲ. ಪವಿತ್ರ ಹ್ಯಾಂಡಲ್ ಹಿಡಿದು, ಸೊಂಟ ಕೊಟ್ಟು, ಮುಖ ಕೆಂಪಗೆ ಮಾಡಿಕೊಂಡು, ಮೊದಲ ಸಲ ಆಗದೆ, ಎರಡನೆಯ ಸಲ ಎತ್ತಿ ನಿಲ್ಲಿಸಿದಳು. ಅಲ್ಲಿಗೆ ಆಯ್ಕೆ ಮುಗಿಯಿತು.

ಸೋಮವಾರ ಕೆಲಸಕ್ಕೆ ಸೇರಿದಳು. ಮಳೆ ಹಿಡಿದ ಮೇಲೆ ಒಂದು ಸಂಜೆ ತಲೆಯಿಂದ ಕಾಲಿನವರೆಗೆ ಕೆಸರು ಬಳಿದುಕೊಂಡು ಮನೆಗೆ ಬಂದಾಗ, ಅಳಿಯ ನಮ್ಮ ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದ.

“ಬಿದ್ದಾ?” ಎಂದು ಎದ್ದ, ಬಹಳ ಆಸೆಯಿಂದ.

“ಬಿದ್ದೆ ಮಾವ. ಎತ್ತಿದೆ, ಬಂದೆ. ದಾರೀಲಿ ಇನ್ನೆರಡು ದನಕ್ಕೆ ಸೂಜಿಯೂ ಆಕ್ದೆ,” ಎಂದು ಅವಳು ಬಚ್ಚಲಿಗೆ ಹೋದಳು. ಅವನು ಮತ್ತೆ ಕೂತ. ಆ ಜಾತಕ ಅಂಗಿಯ ಜೊತೆ ಒಗೆತಕ್ಕೆ ಹೋಗಿ ಮುದ್ದೆಯಾಯಿತೆಂದು ಆಮೇಲೆ ನನ್ನ ಮಗಳು ಹೇಳಿದಳು. ಒಗೆದವಳು ಅವಳೇ, ನಾನು ಹೆಚ್ಚು ಕೇಳಲಿಲ್ಲ.

ಬೈಕು ಈಗ ನಮ್ಮ ಕೊಟ್ಟಿಗೆಯಲ್ಲಿ, ಎತ್ತುಗಳಿದ್ದ ಜಾಗದಲ್ಲಿ ನಿಲ್ಲುತ್ತದೆ. ಅದೇ ಚಾಚಿದ ಕಾಲು, ಅದೇ ಓರೆ ಕೊರಳು, ಅದೇ ಸೋಗು. ಅದು ನಿಲ್ಲುವ ರೀತಿ ನನಗೆ ಈಗಲೂ ಹಿಡಿಸುವುದಿಲ್ಲ. ಮಳೆಗಾಲದಲ್ಲಿ ಆ ಒಂಟಿ ಕಾಲು ಮಣ್ಣಿನಲ್ಲಿ ಹೂತು ಬೀಳುತ್ತದೆಂದು, ಒಗೆಯುವ ಕಲ್ಲಿನ ಪಕ್ಕ ಇದ್ದ ಒಂದು ಚಪ್ಪಡಿಯನ್ನು ಉರುಳಿಸಿಕೊಂಡು ಬಂದು ಅದರ ಅಡಿಗೆ ಹಾಕಿದ್ದೇನೆ. ಬೇರೆ ಯಾರೂ ಹಾಕಲಿಲ್ಲ, ಅದಕ್ಕೆ.